ಯಸಳೂರಿನ ಇಂಬಳ, ಬೇಸಿಗೆಯ ಎಂಟು ವಾರ

ಸಕಲೇಶಪುರದಿಂದ ಯಸಳೂರಿಗೆ ಹೊರಟ ಬಸ್ಸು ಪಟ್ಟಣದ ಗದ್ದಲ ದಾಟಿದ ಸ್ವಲ್ಪ ಹೊತ್ತಿಗೆ ಕಾಫಿ ತೋಟಗಳ ನಡುವೆ ಇಳಿಯುತ್ತದೆ. ರಸ್ತೆಯ ಎರಡೂ ಬದಿಗೆ ಬೇಲಿ, ಬೇಲಿಯಾಚೆ ಕಾಫಿ ಗಿಡ, ಅದರ ಮೇಲೆ ನೆರಳಿನ ಮರ, ಮರವನ್ನು ಅಪ್ಪಿಕೊಂಡ ಮೆಣಸಿನ ಬಳ್ಳಿ. ತೋಟ ಮುಗಿದಲ್ಲಿ ಗದ್ದೆಯ ಕೋವು, ಗದ್ದೆ ಮುಗಿದಲ್ಲಿ ಮತ್ತೆ ತೋಟ. ತಿರುವು ಕಳೆದು ಎತ್ತರಕ್ಕೆ ಬಂದಾಗ ದೂರದಲ್ಲಿ ಪಶ್ಚಿಮಘಟ್ಟದ ನೀಲಿ ಸಾಲು ಕಾಣುತ್ತದೆ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ವಾರದಲ್ಲಿ ಬಂದವರಿಗೆ ಇಡೀ ದಾರಿ ಬಿಳಿಯಾಗಿ, ಮಲ್ಲಿಗೆಯಂಥ ಕಂಪಿನಿಂದ ತುಂಬಿರುತ್ತದೆ.

ಯಸಳೂರು ಸಕಲೇಶಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಒಂದು ಕಡೆಗೆ ಕೊಡಗಿನ ಶನಿವಾರಸಂತೆ, ಸೋಮವಾರಪೇಟೆಗಳ ದಾರಿ. ಇನ್ನೊಂದು ಕಡೆಗೆ ಬಿಸಿಲೆಯ ದಟ್ಟ ಕಾಡು, ಅದರಾಚೆ ಪುಷ್ಪಗಿರಿಯ ಶಿಖರ. ಊರಿನಲ್ಲಿ ಒಂದಿಷ್ಟು ಅಂಗಡಿ, ಹೋಟೆಲು, ಅರಣ್ಯ ಇಲಾಖೆಯ ವಲಯ ಕಚೇರಿ, ತೆಂಕಲಗೂಡು ಮಠ, ಶಾಲೆ. ಸುತ್ತಲಿನ ಹಳ್ಳಿಗಳವರು ಗೊಬ್ಬರಕ್ಕೆ, ಔಷಧಿಗೆ, ಬಸ್ಸಿಗೆ ಇಲ್ಲಿಗೇ ಬರಬೇಕು. ಬೆಳಿಗ್ಗೆ ಕಾಲೇಜಿಗೆ ಹೋಗುವ ಮಕ್ಕಳೂ ಅದೇ ಬಸ್ಸು ಕಾಯುತ್ತಾರೆ. ಅವರಲ್ಲಿ ತೋಟದ ಒಡೆಯರ ಮಕ್ಕಳಿಗಿಂತ ಎರಡು ಮೂರು ಎಕರೆಯ ಸಣ್ಣ ಬೆಳೆಗಾರರ ಮತ್ತು ಲೈನ್ ಮನೆಗಳಲ್ಲಿರುವ ಕಾರ್ಮಿಕರ ಮಕ್ಕಳೇ ಹೆಚ್ಚು.

ಈ ಹೆಸರು ನಾಡಿನ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2023ರ ಡಿಸೆಂಬರ್‌ನಲ್ಲಿ. ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತಿದ್ದ ಆನೆ ಅರ್ಜುನ, ಆ ತಿಂಗಳ 4ರಂದು ಯಸಳೂರು ವಲಯದ ದಬ್ಬಳ್ಳಿಕಟ್ಟೆಯ ಬಳಿ ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದೊಡನೆ ಕಾದಾಡಿ ಸತ್ತಿತು. ಅಲ್ಲೇ ಅದರ ಸಮಾಧಿ ಆಯಿತು. ಅಂದಿನಿಂದ ಯಸಳೂರು ಎಂದರೆ ಹೊರಗಿನವರಿಗೆ ಆನೆಯ ಊರು. ಆದರೆ ಇಲ್ಲಿನವರಿಗೆ ಇದು ಆನೆಗಿಂತ ಬಹಳ ಚಿಕ್ಕ ಜೀವಿಯೊಂದರ ಊರೂ ಹೌದು.

ಮೊದಲ ಪಾಠ ಕಾಲಿನ ಮೇಲೆ

ಮುಂಗಾರು ಹಿಡಿಯಿತೆಂದರೆ ಇಲ್ಲಿ ಇಂಬಳ ಏಳುತ್ತದೆ. ಬಯಲುಸೀಮೆಯವರು ಜಿಗಣೆ ಎನ್ನುವುದರ ನೆಲದ ಜಾತಿ ಇದು. ತರಗೆಲೆಯ ಮೇಲೆ ಬೆನ್ನೆತ್ತಿ ನಿಂತು, ಗಾಳಿಯಲ್ಲಿ ತಲೆಯಾಡಿಸುತ್ತ, ಹತ್ತಿರ ಬಂದ ಬಿಸಿ ಮೈಯನ್ನು ಹುಡುಕುತ್ತದೆ. ತೋಟದ ಕೆಲಸದವರು ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಬಳಿದುಕೊಂಡು ಹೋಗುತ್ತಾರೆ. ಕೆಲವರು ಉಪ್ಪಿನ ಗಂಟು ಇಟ್ಟುಕೊಂಡಿರುತ್ತಾರೆ. ಆದರೂ ಸಂಜೆ ಮನೆಗೆ ಬಂದು ನೋಡಿದರೆ ಹಿಮ್ಮಡಿಯ ಬಳಿ ರಕ್ತ ಇಳಿಯುತ್ತಿರುತ್ತದೆ. ಕಚ್ಚಿದ್ದು ಗೊತ್ತಾಗಿರುವುದಿಲ್ಲ. ಹೊಟ್ಟೆ ತುಂಬಿದ ಇಂಬಳ ಯಾವಾಗಲೋ ಉದುರಿ ಹೋಗಿರುತ್ತದೆ. ರಕ್ತ ಮಾತ್ರ ನಿಂತಿರುವುದಿಲ್ಲ.

ಕತ್ತಿ ತಾಗಿದ ಗಾಯದ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಅದಕ್ಕಿಂತ ಎಷ್ಟೋ ಚಿಕ್ಕದಾದ ಇಂಬಳದ ಗಾಯದಿಂದ ಬಹಳ ಹೊತ್ತು ಒಸರುತ್ತದೆ. ಯಾಕೆ? ಯಸಳೂರಿನ ಮಕ್ಕಳು ಐದನೆಯ ತರಗತಿಗೆ ಬರುವ ಮೊದಲೇ ಎದುರಿಸುವ ಪ್ರಶ್ನೆ ಇದು. ಪುಸ್ತಕದಲ್ಲಿ ಇದರ ಉತ್ತರ ಸಿಗುವುದು ಪದವಿ ತರಗತಿಯಲ್ಲಿ.

ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನು ಕರಗಿಕೊಂಡಿರುತ್ತದೆ. ಗಾಯವಾದಾಗ ಒಂದರ ಹಿಂದೆ ಒಂದು ರಾಸಾಯನಿಕ ಕ್ರಿಯೆಗಳು ಎದ್ದು, ಕೊನೆಗೆ ಥ್ರಾಂಬಿನ್ ಎಂಬ ಕಿಣ್ವ ಸಿದ್ಧವಾಗುತ್ತದೆ. ಅದು ಕರಗಿದ್ದ ಫೈಬ್ರಿನೋಜೆನನ್ನು ಕತ್ತರಿಸಿ ನೂಲಾಗಿಸುತ್ತದೆ. ನೂಲು ಬಲೆಯಾಗಿ ರಕ್ತಕಣಗಳನ್ನು ಹಿಡಿಯುತ್ತದೆ, ಅದೇ ಹೆಪ್ಪು. ಜಿಗಣೆಯ ಜೊಲ್ಲಿನಲ್ಲಿರುವ ವಸ್ತು ನೇರವಾಗಿ ಈ ಥ್ರಾಂಬಿನ್ನಿನ ಬಾಯಿಗೇ ಬಿರಡೆ ಹಾಕುತ್ತದೆ. ಬ್ರಿಟನ್ನಿನ ಜಾನ್ ಹೇಕ್ರಾಫ್ಟ್ ಜಿಗಣೆಯ ಈ ಗುಣವನ್ನು 1884ರಲ್ಲಿ ತೋರಿಸಿಕೊಟ್ಟರು. ಆ ವಸ್ತುವಿಗೆ ಮುಂದೆ ಹಿರುಡಿನ್ ಎಂಬ ಹೆಸರು ಬಂತು. ಜರ್ಮನಿಯ ಫ್ರಿಟ್ಸ್ ಮಾರ್ಕ್‌ವಾರ್ಟ್ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು 1950ರ ದಶಕದಲ್ಲಿ. ಇವೆಲ್ಲ ನೀರಿನ ಜಿಗಣೆಯ ಮಾತು. ನೆಲದ ಇಂಬಳದ ಭಾರತೀಯ ಪ್ರಭೇದವೊಂದರಿಂದ ಇದೇ ಕೆಲಸ ಮಾಡುವ ಹೀಮಾಡಿನ್ ಎಂಬ ಇನ್ನೊಂದು ಪ್ರೋಟೀನನ್ನು ವಿಜ್ಞಾನಿಗಳು 1993ರಲ್ಲಿ ವಿವರಿಸಿದರು. ತೋಟದ ಕೆಲಸದವರು ಬೈದು ಕಿತ್ತೆಸೆಯುವ ಜೀವಿಯ ಬಾಯಲ್ಲಿ ಇಂಥದೊಂದು ಔಷಧಶಾಲೆ ಇದೆ.

ಬಾಲ್ಟಿಮೋರಿನ ವಿದ್ಯಾರ್ಥಿ

ಜಿಗಣೆಯ ಈ ಕಥೆಗೆ ಒಂದು ಮುಂದಿನ ಅಧ್ಯಾಯವಿದೆ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1913ರಲ್ಲಿ ಜಾನ್ ಏಬೆಲ್ ಮತ್ತು ಅವರ ಸಹೋದ್ಯೋಗಿಗಳು ಒಂದು ಉಪಕರಣ ಕಟ್ಟಿದರು. ನಾಯಿಯ ರಕ್ತವನ್ನು ಹೊರಗೆ ತಂದು, ತೆಳು ಪೊರೆಯ ಕೊಳವೆಗಳಲ್ಲಿ ಹರಿಸಿ, ಕಲ್ಮಷವನ್ನು ಸೋಸಿ ಮತ್ತೆ ಮೈಗೆ ಸೇರಿಸುವ ಯಂತ್ರ ಅದು. ಕೃತಕ ಮೂತ್ರಪಿಂಡದ ಮೊದಲ ರೂಪ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡಲು ಅವರು ಬಳಸಿದ್ದು ಜಿಗಣೆಯ ತಲೆಗಳನ್ನು ಅರೆದು ತೆಗೆದ ಹಿರುಡಿನ್. ಅದು ಸಿಗುವುದೂ ಕಷ್ಟ, ಶುದ್ಧ ಮಾಡುವುದೂ ಕಷ್ಟ. ಬೇರೆ ವಸ್ತು ಬೇಕಿತ್ತು.

ಅದು ಸಿಕ್ಕಿದ್ದು ಅದೇ ವಿಶ್ವವಿದ್ಯಾಲಯದಲ್ಲಿ, ಒಬ್ಬ ವಿದ್ಯಾರ್ಥಿಯ ಕೈಗೆ. ಜೇ ಮೆಕ್‌ಲೀನ್ ವೈದ್ಯಕೀಯ ವಿದ್ಯಾರ್ಥಿ. ಹಣವಿಲ್ಲದೆ ಕೂಲಿ ಕೆಲಸ ಮಾಡಿ ದುಡ್ಡು ಕೂಡಿಸಿಕೊಂಡು ಓದಲು ಬಂದವನು. ಪ್ರಾಧ್ಯಾಪಕ ವಿಲಿಯಂ ಹೋವೆಲ್ ಅವನಿಗೆ ಕೊಟ್ಟ ಕೆಲಸ ತದ್ವಿರುದ್ಧವಾದದ್ದು: ರಕ್ತವನ್ನು ಬೇಗ ಹೆಪ್ಪುಗಟ್ಟಿಸುವ ವಸ್ತುವನ್ನು ಅಂಗಾಂಶಗಳಿಂದ ಬೇರ್ಪಡಿಸಿ ಪರೀಕ್ಷಿಸುವುದು. ಮೆದುಳು, ಹೃದಯ, ಯಕೃತ್ತು ಹೀಗೆ ಒಂದೊಂದರಿಂದಲೂ ಅವನು ಸತ್ವ ತೆಗೆದ. ಕೆಲವು ಕಾಲ ಇಟ್ಟಿದ್ದ ಯಕೃತ್ತಿನ ಸತ್ವ ಹೆಪ್ಪುಗಟ್ಟಿಸುವ ಶಕ್ತಿಯನ್ನೇ ಕಳೆದುಕೊಂಡು, ಹೆಪ್ಪುಗಟ್ಟುವುದನ್ನು ತಡೆಯುತ್ತಿತ್ತು. ಇನ್ನೊಬ್ಬನಾದರೆ ಪ್ರಯೋಗ ಕೆಟ್ಟಿತೆಂದು ಚೆಲ್ಲಿಬಿಡಬಹುದಿತ್ತು. ಮೆಕ್‌ಲೀನ್ ಮತ್ತೆ ಮತ್ತೆ ಮಾಡಿ ನೋಡಿ ಗುರುಗಳ ಮುಂದಿಟ್ಟ. 1916ರಲ್ಲಿ ಅದು ಪ್ರಕಟವಾಯಿತು. ಹೋವೆಲ್ ಅವರ ಮುಂದಿನ ಕೆಲಸದಲ್ಲಿ, 1918ರಲ್ಲಿ, ಯಕೃತ್ತಿನ ಗ್ರೀಕ್ ಹೆಸರಿನಿಂದ 'ಹೆಪಾರಿನ್' ಎಂಬ ಪದ ಹುಟ್ಟಿತು.

ಇಂಥದೇ ಇನ್ನೊಂದು ಕಥೆ ಕೆನಡಾದ ಟೊರಾಂಟೊ ನಗರದ್ದು. 1921ರ ಬೇಸಿಗೆ. ಮಧುಮೇಹಕ್ಕೆ ಮದ್ದು ಹುಡುಕುವ ಹಟ ಹಿಡಿದಿದ್ದ ಫ್ರೆಡರಿಕ್ ಬ್ಯಾಂಟಿಂಗ್ ಅವರಿಗೆ ಸಹಾಯಕನಾಗಿ ಒಬ್ಬ ವಿದ್ಯಾರ್ಥಿ ಬೇಕಿತ್ತು. ಇದ್ದವರು ಇಬ್ಬರು, ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್. ಮೊದಲು ಯಾರು ಹೋಗಬೇಕೆಂದು ನಾಣ್ಯ ಚಿಮ್ಮಿದರಂತೆ. ಬೆಸ್ಟ್ ಪಾಲಿಗೆ ಬಂತು. ಆಗತಾನೆ ಪದವಿ ಪರೀಕ್ಷೆ ಮುಗಿಸಿದ್ದ ಆ 22ರ ತರುಣ ಬೇಸಿಗೆಯಿಡೀ ಬ್ಯಾಂಟಿಂಗ್ ಜತೆ ದುಡಿದ. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಚುಚ್ಚಿದರು. ಇನ್ಸುಲಿನ್ ಹುಟ್ಟುವ ಜೀವಕೋಶದ ಗುಂಪುಗಳನ್ನು 1869ರಲ್ಲಿ ಮೊದಲು ಗುರುತಿಸಿದ್ದ ಪೌಲ್ ಲ್ಯಾಂಗರ್‌ಹಾನ್ಸ್ ಕೂಡ ಆಗ ವಿದ್ಯಾರ್ಥಿಯೇ. ಮುಂದೆ ಇದೇ ಬೆಸ್ಟ್ ಟೊರಾಂಟೊದಲ್ಲಿ ಹೆಪಾರಿನ್ನನ್ನು ಶುದ್ಧಗೊಳಿಸಿ ರೋಗಿಗಳಿಗೆ ಕೊಡುವಂತೆ ಮಾಡುವ ಕೆಲಸಕ್ಕೂ ಮುಂದಾಳಾದರು. ಒಬ್ಬ ವಿದ್ಯಾರ್ಥಿ ಕಂಡದ್ದನ್ನು ಇನ್ನೊಬ್ಬ ಬೇಸಿಗೆ ವಿದ್ಯಾರ್ಥಿ ಆಸ್ಪತ್ರೆಗೆ ಮುಟ್ಟಿಸಿದಂತಾಯಿತು.

ಇಂದು ಡಯಾಲಿಸಿಸ್ ಯಂತ್ರಕ್ಕೆ ಮೈಯೊಡ್ಡಿ ಕುಳಿತ ರೋಗಿಯ ರಕ್ತ ಕೊಳವೆಯಲ್ಲಿ ಗಟ್ಟಿಯಾಗದೆ ಹರಿಯುತ್ತಿದ್ದರೆ, ಸಾಮಾನ್ಯವಾಗಿ ಅದರ ಹಿಂದೆ ಇರುವುದು ಹೆಪಾರಿನ್. ಯಸಳೂರಿನಿಂದ ವಾರಕ್ಕೆರಡು ಸಲ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಹೋಗುವವರಿಗೂ, ಮಳೆಗಾಲದಲ್ಲಿ ಅವರ ಕಾಲು ಹಿಡಿಯುವ ಇಂಬಳಕ್ಕೂ ಇರುವ ನಂಟು ಇದು.

ಬೆಟ್ಟದ ಮೇಲೆ ಬಾಕಿ ಉಳಿದ ಪ್ರಶ್ನೆಗಳು

ಮಲೆನಾಡು ಬಹಳ ಕಾಲ ರೋಗದ ಸೀಮೆ ಎಂದೇ ಹೆಸರಾಗಿತ್ತು. ಬಯಲುಸೀಮೆಯವರು ಇಲ್ಲಿಗೆ ಹೆಣ್ಣು ಕೊಡಲು ಹೆದರುತ್ತಿದ್ದ ಕಾಲವಿತ್ತೆಂದು ಹಿರಿಯರು ಹೇಳುತ್ತಾರೆ. ಕಾರಣ ಚಳಿಜ್ವರ, ಅಂದರೆ ಮಲೇರಿಯಾ. ಹರಿಯುವ ತೊರೆಗಳಲ್ಲಿ ಮರಿಮಾಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆ ಇಲ್ಲಿನ ಮುಖ್ಯ ವಾಹಕ. ಮೈಸೂರು ಸಂಸ್ಥಾನದ ಸರ್ಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಾಗ ಅವುಗಳಲ್ಲೊಂದನ್ನು ನೆರೆಯ ಮೂಡಿಗೆರೆಯಲ್ಲಿ ಇಟ್ಟದ್ದು ಇದೇ ಕಾರಣಕ್ಕೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಬಳಿಕ ಜನರೂ ಜ್ವರಕ್ಕೆ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರೋಗಾಣುವನ್ನು ಬೇರ್ಪಡಿಸಿದರು. ಕಾಡಿನ ಉಣ್ಣೆಗಳಿಂದ ಹರಡುವ ಈ ಮಂಗನ ಕಾಯಿಲೆ ಆನಂತರ ಘಟ್ಟದುದ್ದಕ್ಕೂ ಬೇರೆ ಬೇರೆ ಕಡೆ ಕಾಣಿಸಿಕೊಂಡಿದೆ. ಹಲವು ವರ್ಷ ಕೊಡುತ್ತಿದ್ದ ಲಸಿಕೆಯನ್ನು, ಅದರ ಪರಿಣಾಮ ಸಾಲದೆಂದು, 2022ರಲ್ಲಿ ನಿಲ್ಲಿಸಲಾಯಿತು. ರೋಗಕ್ಕೆ ನಾಡಿನ ಹಳ್ಳಿಯ ಹೆಸರಿದೆ. ಅದನ್ನು ಬಗ್ಗಿಸುವ ಮದ್ದು ಇನ್ನೂ ಬೇಕಾಗಿದೆ.

ಹಾವಿನ ಮಾತೂ ಹೀಗೆಯೇ. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವುಗಳ ವಿಷದಿಂದ ತಯಾರಾಗುವಂಥದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಪಶ್ಚಿಮಘಟ್ಟದ ಕಾಫಿ, ಮೆಣಸಿನ ತೋಟಗಳ ತರಗೆಲೆಯಲ್ಲಿ ಅಡಗಿರುವ, ಮೂಗಿನ ತುದಿ ಮೇಲಕ್ಕೆದ್ದಿರುವ ಗಿಡ್ಡ ಗುಳಿಮಂಡಲ ಈ ನಾಲ್ಕರಲ್ಲಿ ಸೇರಿಲ್ಲ. ಅದರ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುತ್ತದೆ. ಕೆಲವರಲ್ಲಿ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ಅಂದರೆ ಯಸಳೂರಿನ ಹಾವಿಗೆ ಯಸಳೂರಿನ ಲೆಕ್ಕ ಬೇಕು.

ಕಪ್ಪೆಯನ್ನೂ ಮರೆಯುವಂತಿಲ್ಲ. ಇದೇ ಸಕಲೇಶಪುರ ತಾಲ್ಲೂಕಿನ ಕೆಂಪುಹೊಳೆಯ ಹೆಸರು ಹೊತ್ತ ಒಂದು ಪುಟ್ಟ ಕಪ್ಪೆ ಇದೆ. ಅದನ್ನು 1937ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್. 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಘಟ್ಟದ ಪೊದೆಗಪ್ಪೆಗಳ ಕುಲವೊಂದಕ್ಕೆ 2010ರಲ್ಲಿ ಅವರ ನೆನಪಿಗೆ 'ರಾವೋರ್ಕೆಸ್ಟಿಸ್' ಎಂದು ಹೆಸರಿಟ್ಟರು. ಕಾಲೇಜಿನ ಮೇಷ್ಟ್ರು ಪಾಠ ಮಾಡುತ್ತಲೇ ಸಂಶೋಧನೆ ಮಾಡಬಹುದು ಎಂಬುದಕ್ಕೆ ಈ ಬೆಟ್ಟಗಳೇ ಸಾಕ್ಷಿ. ಪಶ್ಚಿಮಘಟ್ಟದ ಇನ್ನೊಂದು ಕಪ್ಪೆಯ ಚರ್ಮದಲ್ಲಿ ಸಿಕ್ಕ ಚಿಕ್ಕ ಪ್ರೋಟೀನೊಂದು ಕೆಲವು ಬಗೆಯ ಫ್ಲೂ ವೈರಸ್ಸನ್ನು ನಾಶಮಾಡುತ್ತದೆಂದು 2017ರಲ್ಲಿ ಕೇರಳದ ಮತ್ತು ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಕೇರಳದ ಕಳರಿಯ ಕತ್ತಿ 'ಉರುಮಿ'ಯ ಹೆಸರಿನಿಂದ ಅದನ್ನು 'ಉರುಮಿನ್' ಎಂದು ಕರೆದರು.

ಬಾಗಿಲುಗಳು ಎಲ್ಲಿವೆ?

ಇಷ್ಟೆಲ್ಲ ಪ್ರಶ್ನೆಗಳ ನಡುವೆ ಬೆಳೆದ ಹುಡುಗ ಅಥವಾ ಹುಡುಗಿ ಬಿ.ಎಸ್ಸಿ.ಗೆ ಸೇರಿದರೆ ಏನಾಗುತ್ತದೆ? ಸಾಮಾನ್ಯವಾಗಿ ಮೂರು ವರ್ಷ ನೋಟ್ಸು, ರೆಕಾರ್ಡು ಪುಸ್ತಕ, ಪರೀಕ್ಷೆ. ಸಂಶೋಧನೆ ಎಂಬುದು ಎಂ.ಎಸ್ಸಿ. ಮುಗಿಸಿದವರ ಕೆಲಸ ಎಂಬ ನಂಬಿಕೆ. ಆದರೆ ಪದವಿ ಓದುತ್ತಿರುವಾಗಲೇ ಬೇಸಿಗೆ ರಜೆಯಲ್ಲಿ ದೊಡ್ಡ ಪ್ರಯೋಗಾಲಯದೊಳಗೆ ಕೆಲಸ ಮಾಡುವ ಅವಕಾಶಗಳು ನಮ್ಮ ದೇಶದಲ್ಲಿ ವರ್ಷಗಳಿಂದ ಇವೆ.

ಎಲ್ಲಕ್ಕಿಂತ ವಿಶಾಲವಾದದ್ದು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನಡೆಸಿಕೊಂಡು ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಇವುಗಳಲ್ಲೊಂದು. ನಾರಾಯಣ ರಾವ್ ಕೆಂಪುಹೊಳೆಯ ಕಪ್ಪೆಯ ವಿವರ ಪ್ರಕಟಿಸಿದ್ದು ಇದೇ ಅಕಾಡೆಮಿಯ ನಡಾವಳಿಯಲ್ಲಿ. ಆಯ್ಕೆಯಾದ ವಿದ್ಯಾರ್ಥಿ ಎಂಟು ವಾರ ಒಬ್ಬ ವಿಜ್ಞಾನಿಯ ಬಳಿ ಕೆಲಸ ಮಾಡುತ್ತಾನೆ. ತಿಂಗಳಿಗಿಷ್ಟು ಶಿಷ್ಯವೇತನವೂ ಪ್ರಯಾಣದ ಖರ್ಚೂ ದೊರೆಯುತ್ತವೆ. ಅಂಕಪಟ್ಟಿಯ ಜತೆಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕು; ಯಾವ ವಿಷಯದಲ್ಲಿ, ಏಕೆ ಕೆಲಸ ಮಾಡಬೇಕೆಂದಿದ್ದೇನೆ ಎಂಬ ಪುಟ್ಟ ಬರಹವೂ ಬೇಕು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಬೇಸಿಗೆ ವಿದ್ಯಾರ್ಥಿಗಳನ್ನು ಕರೆದುಕೊಳ್ಳುತ್ತ ಬಂದಿದೆ. 1989ರಲ್ಲಿ ಹುಟ್ಟಿದ ಈ ಕೇಂದ್ರದಲ್ಲಿ ಮಲೇರಿಯಾ ಪರಾವಲಂಬಿಯ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. 2008ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಇನ್‌ಸ್ಪೈರ್' ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 80 ಸಾವಿರ ರೂಪಾಯಿ ಇಟ್ಟು, ಅದರಲ್ಲಿ 20 ಸಾವಿರವನ್ನು ಬೇಸಿಗೆಯ ಸಂಶೋಧನಾ ಕೆಲಸಕ್ಕೆಂದೇ ತೆಗೆದಿರಿಸಿದ್ದರು.

ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳಿಗೆ ಬೇರೆ ಬಾಗಿಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್., 1979ರಲ್ಲಿ ಅಲ್ಪಾವಧಿ ವಿದ್ಯಾರ್ಥಿ ಸಂಶೋಧನಾ ಯೋಜನೆ ಆರಂಭಿಸಿತು. ವಿದ್ಯಾರ್ಥಿ ತನ್ನದೇ ಕಾಲೇಜಿನ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಎರಡು ತಿಂಗಳಲ್ಲಿ ಮುಗಿಯುವ ಒಂದು ಪ್ರಶ್ನೆ ಹಿಡಿಯಬೇಕು. ವರದಿ ಒಪ್ಪಿಗೆಯಾದರೆ ಹಣವೂ ಪ್ರಮಾಣಪತ್ರವೂ ಬರುತ್ತವೆ. 2006ರಲ್ಲಿ ಆರಂಭವಾದ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಕಡೆ ಓದುವವರಿಗೆ ಇದಕ್ಕಾಗಿ ಜಿಲ್ಲೆ ಬಿಟ್ಟು ಹೋಗಬೇಕಾಗಿಲ್ಲ. ಮಲೆನಾಡಿನ ಹಾವು ಕಡಿತ, ತೋಟದ ಕಾರ್ಮಿಕರ ರಕ್ತಹೀನತೆ, ಔಷಧಿ ಸಿಂಪಡಿಸುವವರ ಆರೋಗ್ಯ: ಎರಡು ತಿಂಗಳಲ್ಲಿ ಶುರುಮಾಡಬಹುದಾದ ಪ್ರಶ್ನೆಗಳು ವಾರ್ಡಿಗೇ ನಡೆದು ಬರುತ್ತವೆ. ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಅವರು ಅಕಾಡೆಮಿಗಳ ದಾರಿಯನ್ನೇ ಹಿಡಿಯಬೇಕು.

ನವೆಂಬರ್ ತಿಂಗಳ ತೊಡಕು

ಬಾಗಿಲು ತೆರೆದಿದೆ; ಆದರೂ ಯಸಳೂರಿನ ಕಡೆಯವರು ಅದನ್ನು ದಾಟುವುದು ಸುಲಭವಲ್ಲ. ಮೊದಲ ತೊಡಕು ಪಂಚಾಂಗದ್ದು. ಬೇಸಿಗೆಯ ಕೆಲಸಕ್ಕೆ ಅರ್ಜಿ ಹಾಕಬೇಕಾದದ್ದು ಬೇಸಿಗೆಯಲ್ಲಲ್ಲ. ಅಕಾಡೆಮಿಗಳ ಅರ್ಜಿಯ ಕಾಲ ಸಾಮಾನ್ಯವಾಗಿ ಹಿಂದಿನ ವರ್ಷದ ನವೆಂಬರ್ ಆಸುಪಾಸಿಗೆ ಮುಗಿಯುತ್ತದೆ. ಯಸಳೂರಿನಲ್ಲಿ ನವೆಂಬರ್ ಎಂದರೆ ಅರೇಬಿಕಾ ಹಣ್ಣಿನ ಕುಯ್ಲು ಆರಂಭ. ಅದು ಮುಗಿಯುವ ಹೊತ್ತಿಗೆ ರೊಬಸ್ಟಾ. ಕುಯ್ಲಿನ ಕೂಲಿ ಕಿಲೋ ಲೆಕ್ಕ. ಮನೆಯಲ್ಲಿ ಕೈ ಹೆಚ್ಚಿದಷ್ಟೂ ಸಂಪಾದನೆ. ವರ್ಷದ ಸಾಲ ತೀರುವುದು, ಕಾಲೇಜಿನ ಶುಲ್ಕ ಹುಟ್ಟುವುದು ಆ ಮೂರು ತಿಂಗಳಲ್ಲಿ. ಸಣ್ಣ ಬೆಳೆಗಾರನ ಮನೆಯಲ್ಲಿ ಹಣ್ಣು ಪಲ್ಪರಿಗೆ ಹೋಗಬೇಕು, ಕಣದಲ್ಲಿ ಹರಡಬೇಕು, ಮೋಡ ಕವಿದರೆ ಓಡಿ ಬಾಚಬೇಕು. ಭಾನುವಾರ ಬುಟ್ಟಿ ಹೊರುವ ಹುಡುಗಿಗೆ ಬೆಂಗಳೂರಿನಲ್ಲಿ ಯಾವುದೋ ಅರ್ಜಿಯ ಕೊನೆಯ ದಿನ ಮುಗಿಯುತ್ತಿದೆ ಎಂದು ತಿಳಿಯುವುದು ಹೇಗೆ?

ಎರಡನೆಯದು ದಾರಿ. ಆನೆ ಇಳಿದಿದೆ ಎಂಬ ಸುದ್ದಿ ಬಂದ ದಿನ ಮಕ್ಕಳನ್ನು ಬೆಳಿಗ್ಗೆ ಬೇಗ ಕಳಿಸಲು, ಸಂಜೆ ತಡವಾಗಿ ಬರಲು ಮನೆಯವರು ಒಪ್ಪುವುದಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಸಂಜೆ ಕೂರುವ, ಅಧ್ಯಾಪಕರೊಡನೆ ಮಾತನಾಡುತ್ತ ನಿಲ್ಲುವ ಗಂಟೆಗಳು ಅಲ್ಲಿಗೆ ಹೋದವು. ಶಿಫಾರಸು ಪತ್ರ ಬರೆಯುವ ಅಧ್ಯಾಪಕರಿಗೆ ವಿದ್ಯಾರ್ಥಿಯ ಹೆಸರಾದರೂ ಚೆನ್ನಾಗಿ ಗೊತ್ತಿರಬೇಕಲ್ಲ! ಹಿಂದಿನ ಬೆಂಚಿನಿಂದ ನೇರವಾಗಿ ಬಸ್ಸಿಗೆ ಓಡುವ ಮಕ್ಕಳು ಇದರಲ್ಲೇ ಹಿಂದೆ ಬೀಳುತ್ತಾರೆ.

ಮೂರನೆಯದು ಪರೀಕ್ಷೆ. ಸಂಶೋಧನಾ ಸಂಸ್ಥೆಗಳು ಮೇ, ಜೂನ್ ತಿಂಗಳನ್ನು ಬೇಸಿಗೆ ಎಂದು ಲೆಕ್ಕ ಹಾಕುತ್ತವೆ. ಸೆಮಿಸ್ಟರ್ ಪರೀಕ್ಷೆ ಮುಂದೆ ಮುಂದೆ ಜಗ್ಗಿದರೆ ಆಯ್ಕೆಯಾದವರೂ ಹೋಗಲಾಗದೆ ಕೈಚೆಲ್ಲಬೇಕು. ನಾಲ್ಕನೆಯದು ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅರ್ಜಿಯ ಆ ಪುಟ್ಟ ಇಂಗ್ಲಿಷ್ ಬರಹವೇ ಬೆಟ್ಟ. ಪೇಟೆಯ ಮಕ್ಕಳು ದೊಡ್ಡ ದೊಡ್ಡ ಪದ ಬಳಸಿ ಬರೆದಿರುತ್ತಾರೆ ಎಂಬ ಅಳುಕು. ಇಲ್ಲಿ ಒಂದು ಮಾತು ಹೇಳಬೇಕು. ಪುಸ್ತಕದಿಂದ ಇಳಿಸಿದ ಹತ್ತು ವಾಕ್ಯಕ್ಕಿಂತ, ಇಂಬಳ ಕಚ್ಚಿದ ಗಾಯ ಎಷ್ಟು ಹೊತ್ತು ಒಸರುತ್ತದೆ ಎಂದು ಗಡಿಯಾರ ನೋಡಿ ಬರೆದಿಟ್ಟುಕೊಂಡ ಎರಡು ವಾಕ್ಯಕ್ಕೆ ತೂಕ ಹೆಚ್ಚು. ತನ್ನ ಕಣ್ಣಿಂದ ನೋಡಿದ್ದನ್ನು ಸರಳ ಇಂಗ್ಲಿಷಿನಲ್ಲಿ ಬರೆದರೆ ಸಾಕು. ಉಳಿದದ್ದನ್ನು ತಿದ್ದಲು ಅಧ್ಯಾಪಕರಿದ್ದಾರೆ.

ಕೊನೆಯದು ಮನೆಯವರ ಭಯ. ಮಗಳನ್ನು ಎರಡು ತಿಂಗಳು ಗೊತ್ತಿಲ್ಲದ ಊರಿಗೆ ಕಳಿಸುವುದೇ? ಅಲ್ಲಿ ವಸತಿ ಯಾರು ಕೊಡುತ್ತಾರೆ? ಶಿಷ್ಯವೇತನ ಕೈಗೆ ಬರುವುದು ಕೆಲಸ ಮುಗಿದ ಮೇಲಾದರೆ ಮೊದಲ ತಿಂಗಳ ಊಟಕ್ಕೇನು? ಈ ಪ್ರಶ್ನೆಗಳನ್ನು ಸಣ್ಣವೆಂದು ತಳ್ಳಿಹಾಕುವಂತಿಲ್ಲ. ಒಪ್ಪಿಗೆ ಪತ್ರ ಬಂದ ಕೂಡಲೇ ಸಂಸ್ಥೆಗೆ ಬರೆದು ವಸತಿಯ ವಿಷಯ ಕೇಳಿಕೊಳ್ಳಬೇಕು. ಊರಿನ ಸಹಕಾರ ಸಂಘವೋ, ಬೆಳೆಗಾರರ ಸಂಘವೋ, ಹಳೆಯ ವಿದ್ಯಾರ್ಥಿಗಳೋ ಮೊದಲ ತಿಂಗಳ ಖರ್ಚನ್ನು ಕೈಗಡವಾಗಿ ಕೊಟ್ಟರೆ, ಅದು ದೇವಸ್ಥಾನದ ಗೋಪುರಕ್ಕೆ ಕೊಟ್ಟಷ್ಟೇ ಪುಣ್ಯದ ಕೆಲಸ. ಸಕಲೇಶಪುರದ ಸರ್ಕಾರಿ ಆಸ್ಪತ್ರೆ ಇಂದಿಗೂ ಕ್ರಾಫರ್ಡ್ ಎಂಬ ಕಾಫಿ ಬೆಳೆಗಾರರ ಹೆಸರಿನಲ್ಲಿದೆ. ತೋಟದ ಹಣ ಆರೋಗ್ಯದ ಕೆಲಸಕ್ಕೆ ಹರಿದುಬಂದ ಪರಂಪರೆ ಈ ಸೀಮೆಗೆ ಹೊಸದಲ್ಲ.

ಎಂಟು ವಾರದಲ್ಲಿ ಏನು ಸಿಗುತ್ತದೆ?

ಬೇಸಿಗೆಯ ಎಂಟು ವಾರದಲ್ಲಿ ಇನ್ಸುಲಿನ್ನಿನಂಥದು ಸಿಕ್ಕಿಬಿಡುತ್ತದೆಂದು ಯಾರೂ ಭಾವಿಸಬೇಕಾಗಿಲ್ಲ. ಮೊದಲ ವಾರ ಪಿಪೆಟ್ ಹಿಡಿಯುವುದನ್ನು ಕಲಿಯುವುದರಲ್ಲಿ, ಗಾಜಿನ ಸಾಮಾನು ತೊಳೆಯುವುದರಲ್ಲಿ ಹೋಗುತ್ತದೆ. ಎರಡನೆಯ ವಾರ ಮಾಡಿದ್ದೆಲ್ಲ ಕೆಡುತ್ತದೆ. ಆಮೇಲೆ ನಿಧಾನವಾಗಿ ಕೈ ಕುದುರುತ್ತದೆ. ಡಿ.ಎನ್.ಎ. ತುಣುಕುಗಳನ್ನು ಜೆಲ್ಲಿನಲ್ಲಿ ಓಡಿಸಿ ಅಳತೆ ನೋಡುವುದು, ಜೀವಕೋಶ ಎಣಿಸುವುದು, ಪ್ರತಿದಿನದ ಕೆಲಸವನ್ನು ತಾರೀಖು ಹಾಕಿ ಬರೆದಿಡುವುದು, ಬಯಸಿದ ಉತ್ತರ ಬರಲಿಲ್ಲವೆಂದು ಅಂಕಿ ತಿದ್ದದಿರುವುದು. ಕಾಲೇಜಿನ ಪ್ರಯೋಗಕ್ಕೂ ಇದಕ್ಕೂ ಮುಖ್ಯ ವ್ಯತ್ಯಾಸ ಒಂದೇ. ಕಾಲೇಜಿನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಇಲ್ಲಿ ಮಾರ್ಗದರ್ಶಕರಿಗೂ ಗೊತ್ತಿರುವುದಿಲ್ಲ.

ಜತೆಗೆ ಶಿಸ್ತೂ ಬರುತ್ತದೆ. ಕುತೂಹಲವಿದೆಯೆಂದು ಬಿಸಿಲೆಯ ಕಾಡಿನಿಂದ ಕಪ್ಪೆ, ಹಾವು ಹಿಡಿದು ತರುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು, 1972ರ ವನ್ಯಜೀವಿ ಕಾಯ್ದೆ, 2002ರ ಜೀವವೈವಿಧ್ಯ ಕಾಯ್ದೆಗಳಿವೆ. ಮನುಷ್ಯರ ರಕ್ತದ ಒಂದು ಹನಿಯನ್ನು ಅಧ್ಯಯನಕ್ಕೆ ತೆಗೆಯಬೇಕಾದರೂ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಕೊಡುವವರ ಒಪ್ಪಿಗೆಯೂ ಬೇಕು. ಲೈನ್ ಮನೆಯ ಕಾರ್ಮಿಕರು ಪ್ರಯೋಗದ ವಸ್ತುವಲ್ಲ ಎಂಬ ಪಾಠವನ್ನು ಲೈನ್ ಮನೆಯಿಂದಲೇ ಬಂದ ವಿದ್ಯಾರ್ಥಿಗಿಂತ ಚೆನ್ನಾಗಿ ಯಾರು ಕಲಿತಾರು?

ಹತ್ತಿರದಲ್ಲೂ ಕಲಿಯುವ ಜಾಗಗಳಿವೆ. ಸಕಲೇಶಪುರದ ದೋಣಿಗಾಲಿನಲ್ಲಿ ಸಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರವಿದೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಅವುಗಳ ಕೆಲಸ ಗಿಡದ ರೋಗದ್ದೇ ಆದರೂ ಸೂಕ್ಷ್ಮದರ್ಶಕದ ಕೆಳಗೆ ಶಿಲೀಂಧ್ರ ನೋಡಿದ ಕಣ್ಣು ನಾಳೆ ಮನುಷ್ಯನ ರೋಗಾಣುವನ್ನೂ ನೋಡಬಲ್ಲದು. ಕಾಲೇಜಿನ ಒಬ್ಬ ಅಧ್ಯಾಪಕರು ಅಕ್ಟೋಬರ್ ಮೊದಲ ವಾರ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿ, ಕುಯ್ಲು ಏರುವ ಮೊದಲೇ ನಾಲ್ಕು ಮಕ್ಕಳನ್ನು ಕೂರಿಸಿ ಅರ್ಜಿ ತುಂಬಿಸಿದರೆ ಅರ್ಧ ದಾರಿ ಸವೆದಂತೆ.

ಯಸಳೂರಿನ ಸೀಮೆಯಿಂದ ಬಿಸಿಲೆಯ ಕಡೆಗೆ ಹೋಗುವಾಗ ಮಂಕನಹಳ್ಳಿಯ ಬಳಿ ಒಂದು ಏಣು ಸಿಗುತ್ತದೆ. ಅಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಪೂರ್ವಕ್ಕೆ ಇಳಿದು ಹೇಮಾವತಿ, ಕಾವೇರಿಗಳ ದಾರಿಯಲ್ಲಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಪಾಲು ಪಶ್ಚಿಮಕ್ಕೆ ಇಳಿದು ಕುಮಾರಧಾರೆ, ನೇತ್ರಾವತಿಗಳ ಜತೆ ಅರಬ್ಬೀ ಸಮುದ್ರ ಸೇರುತ್ತದೆ. ಯಾವ ಹನಿ ಎತ್ತ ಹೋಗುವುದೆಂಬುದನ್ನು ತೀರ್ಮಾನಿಸುವುದು ಗೇಣುದ್ದದ ಅಂತರ. ಹೂಮಳೆ ಬಿದ್ದು, ಕಾಯಿ ಕಟ್ಟಿ, ಮುಂಗಾರಿಗೆ ಇಂಬಳ ಎದ್ದು, ಮತ್ತೆ ಕುಯ್ಲು ಬರುವುದರೊಳಗೆ ಈ ಬೆಟ್ಟದ ಮಕ್ಕಳಿಗೂ ಅಂಥದೊಂದು ಗೇಣಿನ ಅಂತರ ಎದುರಾಗುತ್ತದೆ. ನವೆಂಬರ್‌ನ ಒಂದು ಸಂಜೆ, ಕಣದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಿದ ಮೇಲೆ, ಒಂದು ಅರ್ಜಿ ತುಂಬಲು ಬೇಕಾಗುವಷ್ಟು ಹೊತ್ತು ಅದು.